ಕಥೆ ನಂಬರ್ 7ರ ಡೈರಿ: 26 ‘ಳು’ಗಳು ಮತ್ತು ಒಂದು ಬೀಗ

ನನ್ನ ಏಳನೇ ಕಥೆಯ ಮೂರನೇ ದೃಶ್ಯ ಕೊನೆಗೂ ಮುಗಿಯಿತು. ಹಿಡಿದದ್ದು 14 ತಿಂಗಳು. ದೃಶ್ಯದ ಉದ್ದ ಒಂದೂವರೆ ಪುಟ. ದಿನಕ್ಕೆ ಎಷ್ಟು ಪದ ಆಯಿತು ಅಂತ ಲೆಕ್ಕ ಹಾಕಬೇಡಿ. ನಾನು ಹಾಕಿ ನೋಡಿ ಒಂದು ಭಾನುವಾರ ಹಾಳು ಮಾಡಿಕೊಂಡಿದ್ದೇನೆ.

ಮರೆತವರಿಗೆ ಕಥೆ ಇಷ್ಟು: ಬೀಗ ರಿಪೇರಿ ಮಾಡುವ ಒಬ್ಬ ಹೆಂಗಸು. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. ಕೀಲಿ ಕಳೆದಿದೆ, ಮನೆ ಖಾಲಿ ಇದೆ, ಬಂದು ಬಾಗಿಲು ತೆಗೆದುಕೊಡಿ ಅಂತ. ಹೋಗುತ್ತಾಳೆ. ಕರೆದವನು ಅಲ್ಲಿಲ್ಲ. ಮನೆಯೊಳಗೆ ಯಾರೋ ಇದ್ದಾರೆ. ಪ್ಲಾಟು, ಪಾತ್ರದ ಹಿನ್ನೆಲೆ, ಮೊದಲ ಡ್ರಾಫ್ಟು ಎಲ್ಲ ಕಥೆ ಬರೆಯುವ ನಿಮ್ಮೆಲ್ಲರದ್ದು ಆಗುವ ಹಾಗೇ ಆಯಿತು. ಅದನ್ನು ಬಿಡೋಣ. ಮೂರನೇ ದೃಶ್ಯದಲ್ಲಿ ಅವಳು ಒಬ್ಬಳೇ ಬಾಗಿಲ ಮುಂದೆ ಕೂತು ಬೀಗ ತೆಗೆಯುತ್ತಾಳೆ. ಅಷ್ಟೇ. ಅಲ್ಲೇ ನನ್ನ ಗಾಡಿ ಕೆಟ್ಟು ನಿಂತದ್ದು.

ಕೆಟ್ಟದ್ದು ಗೊತ್ತಾಗಿದ್ದು ಒಂದೇ ವಾರದಲ್ಲಿ ಬಿದ್ದ ಎರಡು ಏಟಿನಿಂದ. ಒಂದು ಪತ್ರಿಕೆಗೆ ಕಥೆ ಕಳಿಸಿದ್ದೆ. 5 ತಿಂಗಳು ಸದ್ದಿಲ್ಲ. ಆಮೇಲೆ ಒಂದು ಸಾಲಿನ ಉತ್ತರ ಬಂತು: ನಿಮ್ಮ ಕವನವನ್ನು ಬಳಸಿಕೊಳ್ಳಲು ಆಗುತ್ತಿಲ್ಲ. ನಾನು ಕಳಿಸಿದ್ದು ಕಥೆ. ತಿರಸ್ಕಾರ ಸಹಿಸಬಹುದು ಸ್ವಾಮಿ, ಬೇರೆ ಯಾರದೋ ಕವನದ ತಿರಸ್ಕಾರವನ್ನು ಹೇಗೆ ಸಹಿಸುವುದು? ಅದೇ ವಾರ, ಯಾವಾಗಲೂ ಹೊಗಳುವ ಗೆಳೆಯ ಡ್ರಾಫ್ಟು ಓದಿ ಹೇಳಿದ: “ಚೆನ್ನಾಗಿದೆ ಕಣೋ. ಮೂರನೇ ದೃಶ್ಯ ಮಾತ್ರ ಯಾಕೋ ವರದಿ ಓದಿದ ಹಾಗಾಯ್ತು.”

‘ಚೆನ್ನಾಗಿದೆ’ ಅನ್ನೋದು ಕಿವಿಗೆ ಬೀಳಲೇ ಇಲ್ಲ. ‘ವರದಿ’ ಮಾತ್ರ ಬಿತ್ತು. ಬಿದ್ದದ್ದು ಅಲ್ಲೇ ಬೇರು ಬಿಟ್ಟಿತು. ಮೊದಲು ಆ ದೃಶ್ಯ ವರದಿ ಅನಿಸಿತು. ಆಮೇಲೆ ಇಡೀ ಕಥೆ. ತಿಂಗಳು ಕಳೆಯುವಷ್ಟರಲ್ಲಿ ಹಿಂದಿನ ಆರೂ ಕಥೆ ವರದಿಗಳೇ. ಕೊನೆಗೆ ಗೆಳೆಯನಿಗೆ ಹುಟ್ಟುಹಬ್ಬದ ಶುಭಾಶಯ ಬರೆಯುವಾಗಲೂ ಎರಡು ಸಲ ಅಳಿಸಿ ಬರೆದೆ.

ಮುಂದಿನ 8 ತಿಂಗಳು ನಾನು ಮಾಡಿದ್ದು ಬರವಣಿಗೆ ಅಲ್ಲ, ಬರವಣಿಗೆಯ ಸಾಮಾನು ಖರೀದಿ. ಇದು ನಮ್ಮಲ್ಲಿ ಎಲ್ಲರಿಗೂ ಇರುವ ಕಾಯಿಲೆ, ಒಪ್ಪಿಕೊಳ್ಳಿ. ಇಂಕು ಹಿಂದಕ್ಕೆ ಹಾಯುವುದಿಲ್ಲ ಅಂತ ರಟ್ಟಿನ ಮೇಲೆ ಅಚ್ಚು ಹಾಕಿದ್ದ ನೋಟ್‌ಬುಕ್ ತರಿಸಿದೆ. ಇಂಕು ಹಿಂದಕ್ಕಷ್ಟೇ ಅಲ್ಲ, ಮೂರನೇ ಹಾಳೆವರೆಗೂ ಹೋಯಿತು. ಮಾರಿದವರಿಗೆ ಬರೆದರೆ, ನಿಮ್ಮ ಪೆನ್ನು ಜಾಸ್ತಿ ಒದ್ದೆ ಅಂದರು. ಹಳೇ ಫಾಂಟಿನಲ್ಲಿದ್ದ ಕಥೆಗಳನ್ನು ಯೂನಿಕೋಡಿಗೆ ಬದಲಿಸಲು ಕೂತೆ. ಅರ್ಕಾವತ್ತುಗಳೆಲ್ಲ ಪಕ್ಕದ ಅಕ್ಷರಕ್ಕೆ ಹಾರಿ ಕೂತವು. ಅವನ್ನು ಒಂದೊಂದಾಗಿ ಕರೆದು ತಂದು ಜಾಗಕ್ಕೆ ಕೂರಿಸುವುದರಲ್ಲಿ ಎರಡು ವಾರ ಹೋಯಿತು. ಫೋನಿನ ಕೀಬೋರ್ಡಿನದ್ದು ಇನ್ನೊಂದು ಕಥೆ. ‘ಬೀಗ’ ಅಂತ ಬರೆದರೆ ತಾನಾಗಿ ‘ಬೀಗರು’ ಮಾಡುತ್ತದೆ. “ಎಷ್ಟು ತಿರುಗಿಸಿದರೂ ಬೀಗರು ತೆರೆದುಕೊಳ್ಳಲಿಲ್ಲ” ಅನ್ನುವ ವಾಕ್ಯ ನನ್ನ ಡ್ರಾಫ್ಟಿನಲ್ಲಿ ನಿಜವಾಗಲೂ ಇದೆ. ಆ 8 ತಿಂಗಳಲ್ಲಿ ನಾನು ಬರೆದ ಒಳ್ಳೇ ವಾಕ್ಯ ಅದೊಂದೇ. ಅದೂ ನನ್ನದಲ್ಲ.

ಸಂಶೋಧನೆಯ ಹೆಸರಲ್ಲೂ ಬೇಕಾದಷ್ಟು ತಪ್ಪಿಸಿಕೊಂಡೆ. ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ಪಿನ್ ಟಂಬ್ಲರ್ ಬೀಗದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಒಳಗೆ ಸಾಮಾನ್ಯವಾಗಿ ಐದೋ ಆರೋ ಪಿನ್ನುಗಳು. ಎಲ್ಲವೂ ಸರಿಯಾದ ಎತ್ತರಕ್ಕೆ ಎದ್ದರೆ ಮಾತ್ರ ಬೀಗ ತಿರುಗುತ್ತದೆ. ತಯಾರಿಸುವಾಗ ಪಿನ್ನಿನ ತೂತುಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಹಾಗಾಗಿ ಸ್ವಲ್ಪ ತಿರುಚಿ ಹಿಡಿದರೆ ಎಲ್ಲ ಪಿನ್ನೂ ಒಟ್ಟಿಗೆ ಬಿಗಿಯುವುದಿಲ್ಲ, ಯಾವುದೋ ಒಂದು ಮೊದಲು ಬಿಗಿಯುತ್ತದೆ. ಬೀಗ ತೆಗೆಯುವವರು ಹುಡುಕುವುದು ಅದನ್ನೇ. ಅದು ಕೂತ ಮೇಲೆ ಇನ್ನೊಂದು. ಇಲ್ಲಿ ಬರವಣಿಗೆಗೂ ಬೀಗಕ್ಕೂ ಹೋಲಿಕೆ ಕೊಡಬಹುದು. ಕೊಡುವುದಿಲ್ಲ. ಆರನೇ ಕಥೆಯಲ್ಲಿ ಅಂಥ ಹೋಲಿಕೆ ಹನ್ನೊಂದಿದ್ದವು, ಬೈಸಿಕೊಂಡಿದ್ದು ನೆನಪಿದೆ.

ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಡೈರಿಯ ವಿಷಯ ಗೊತ್ತಾಗಿದ್ದೂ ಆ ದಿನಗಳಲ್ಲೇ. 1938ರಲ್ಲಿ ತನ್ನ ದೊಡ್ಡ ಕಾದಂಬರಿ ಬರೆಯುವಾಗ ಆತ ಪಕ್ಕದಲ್ಲಿ ಕೆಲಸದ ಡೈರಿಯನ್ನೂ ಇಟ್ಟಿದ್ದ. ನಮ್ಮ ಈ ಡೈರಿಗಳ ಹಾಗೆಯೇ ಅನ್ನಿ. ತಾನು ಲೇಖಕನೇ ಅಲ್ಲ, ತನಗೂ ಬೇರೆಯವರಿಗೂ ಮೋಸ ಮಾಡಿಕೊಂಡು ಬಂದಿದ್ದೇನೆ ಅಂತ ಅದರಲ್ಲಿ ಬರೆದುಕೊಂಡಿದ್ದಾನೆ. 1962ರಲ್ಲಿ ನೊಬೆಲ್ ಬಂತು. ಇದನ್ನು ಓದಿ ನನಗೆ ಸಮಾಧಾನ ಆಗಬೇಕಿತ್ತು, ಅಲ್ವಾ? ಹೊಟ್ಟೆ ಉರಿಯಿತು. ಆತ ಬೈದುಕೊಳ್ಳುತ್ತಲೇ ಮೇ ಕೊನೆಯಿಂದ ಅಕ್ಟೋಬರ್ ಒಳಗೆ ಕಾದಂಬರಿ ಮುಗಿಸಿದ. ನನ್ನ ಹತ್ತಿರ ಇದ್ದದ್ದು ಬೈಗುಳ ಮಾತ್ರ.

ಇನ್ನು ನಿಜವಾದ ವಿಷಯ.

ಅದೇ ಗೆಳೆಯನಿಗೆ ಕಣ್ಣಿನ ಆಪರೇಷನ್ ಆಯಿತು. ಓದುವ ಹಾಗಿಲ್ಲ, ಬೇಜಾರು, ಏನಾದರೂ ಓದಿ ರೆಕಾರ್ಡ್ ಮಾಡಿ ಕಳಿಸೋ ಅಂದ. ಕೈಗೆ ಸಿಕ್ಕಿದ್ದು ಇದೇ ಡ್ರಾಫ್ಟು. ಓದಿ ಕಳಿಸಿದೆ. ಅರ್ಧ ಗಂಟೆಗೆ ಫೋನ್ ಬಂತು.

“ಮೂರನೇ ದೃಶ್ಯದಲ್ಲಿ ಯಾಕೋ ಮಗ್ಗಿ ಹೇಳ್ತಾ ಇದ್ದೀಯ?”

ರೆಕಾರ್ಡಿಂಗ್ ಹಾಕಿ ಕೇಳಿದೆ. ಕೇಳಿಸಿದ್ದು ಇದು:

“ಚೀಲ ಕೆಳಗಿಟ್ಟಳು. ಮೊಣಕಾಲೂರಿ ಕೂತಳು. ಟಾರ್ಚು ಹಚ್ಚಿದಳು. ಬಾಯಲ್ಲಿ ಕಚ್ಚಿ ಹಿಡಿದಳು. ಬೀಗದ ಬಾಯಿ ನೋಡಿದಳು. ತಂತಿ ತೆಗೆದಳು. ಒಳಗೆ ತೂರಿಸಿದಳು. ಉಸಿರು ಬಿಗಿಹಿಡಿದಳು.”

ಳು. ಳು. ಳು. ಳು. ಎರಡೆರಡಲೆ ನಾಲ್ಕು. ಪೆನ್ಸಿಲ್ ತಗೊಂಡು ಎಣಿಸಿದೆ. ಮೊದಲ ಪುಟದಲ್ಲಿ 31 ವಾಕ್ಯ, ಅದರಲ್ಲಿ 26 ‘ಳು’ ಅಂತ ಮುಗಿಯುತ್ತವೆ. ಕಣ್ಣಲ್ಲಿ ಓದಿದಾಗ ಒಂದು ಸಲವೂ ಕಂಡಿರಲಿಲ್ಲ. ಕಣ್ಣು ಅರ್ಥ ಹಿಡಿದುಕೊಂಡು ಮುಂದೆ ಓಡಿಬಿಡುತ್ತದೆ, ವಾಕ್ಯದ ಬಾಲ ನೋಡುವುದಿಲ್ಲ. ಕಿವಿಗೆ ಸಿಕ್ಕುವುದೇ ಬಾಲ.

ವಿಚಿತ್ರ ಏನು ಅಂದರೆ, ಎಣಿಸಿ ಮುಗಿಸಿದಾಗ ನನಗೆ ಖುಷಿ ಆಗಿತ್ತು. 8 ತಿಂಗಳಿಂದ ತಲೆಯಲ್ಲಿ ಇದ್ದದ್ದು “ನನಗೆ ಬರೆಯೋಕೆ ಬರಲ್ಲ” ಅನ್ನುವ ಮಾತು. ಅದನ್ನು ಎಲ್ಲಿ ಹಿಡಿದು ರಿಪೇರಿ ಮಾಡುವುದು? ಈಗ ಕೈಯಲ್ಲಿ ಒಂದು ಸಂಖ್ಯೆ ಇತ್ತು. 26. ಅದನ್ನು 10 ಮಾಡಬಹುದು.

ಹಳೇ ಕಥೆಗಳನ್ನೂ ತೆಗೆದು ನೋಡಿದೆ. ಮೂರನೇ ಕಥೆಯಲ್ಲಿ ಈ ರೋಗ ಇದೆ. ಐದನೆಯದರಲ್ಲಿ ಇಲ್ಲ. ಐದನೆಯದರಲ್ಲಿ ಪ್ರತಿ ದೃಶ್ಯದಲ್ಲೂ ಮೂರು ನಾಲ್ಕು ಜನ. ಒಬ್ಬ ಎದ್ದ, ಒಬ್ಬಳು ನಕ್ಕಳು, ಹಿರಿಯರು ಕೆಮ್ಮಿದರು, ನಾಯಿ ಬೊಗಳಿತು. ಬಾಲಗಳು ತಾವಾಗಿಯೇ ಬದಲಾಗುತ್ತವೆ. ದೃಶ್ಯದಲ್ಲಿ ಒಂದೇ ಪಾತ್ರ ಉಳಿದಾಗ ಮಾತ್ರ ನಮ್ಮ ಭಾಷೆ ಹೀಗೆ ಕಾಟ ಕೊಡುತ್ತದೆ. ಕ್ರಿಯಾಪದ ಕೊನೆಯಲ್ಲಿ, ಅದರ ಕೊನೆಯಲ್ಲಿ ಕರ್ತೃವಿನ ಗುರುತು. ಒಬ್ಬಳೇ ಹೆಂಗಸು, ಸಣ್ಣ ಸಣ್ಣ ವಾಕ್ಯ, ಭೂತಕಾಲ: ಮೂರೂ ಸೇರಿದರೆ ಮಗ್ಗಿ ಗ್ಯಾರಂಟಿ.

ರೋಗ ಗೊತ್ತಾಯಿತು. ಮದ್ದು ಗೊತ್ತಾಗಲು ಇನ್ನೊಂದು ತಿಂಗಳು.

ಮೊದಲು ಅವಳನ್ನು ಗಂಡಸು ಮಾಡಿದೆ. ಇಟ್ಟ. ಕೂತ. ಹಚ್ಚಿದ. ಕಚ್ಚಿದ. ಮಗ್ಗಿ ಹೋಗಿ ಡೋಲು ಬಂತು. ‘ನಾನು’ ಮಾಡಿದೆ: ಇಟ್ಟೆ, ಕೂತೆ, ಹಚ್ಚಿದೆ. ಪೊಲೀಸರ ಮುಂದೆ ಹೇಳಿಕೆ ಕೊಟ್ಟ ಹಾಗೆ. ಗೌರವ ಕೊಟ್ಟು ನೋಡಿದೆ: ಚೀಲ ಕೆಳಗಿಟ್ಟರು, ಮೊಣಕಾಲೂರಿ ಕೂತರು, ಟಾರ್ಚು ಹಚ್ಚಿದರು. ಇನ್ನೇನು ರಿಬ್ಬನ್ ಕತ್ತರಿಸಿ ಸಭಿಕರನ್ನು ಉದ್ದೇಶಿಸಿ ಮಾತನಾಡಿದರು ಅನ್ನುವುದೊಂದು ಬಾಕಿ. ವರ್ತಮಾನ ಕಾಲದಲ್ಲಿ ‘ತ್ತಾಳೆ’ ಆಯಿತು, ಮಗ್ಗಿಯ ಬಾಲ ಇನ್ನೂ ಉದ್ದವಾಯಿತು.

ಎಲ್ಲಕ್ಕಿಂತ ಜಾಸ್ತಿ ಆಸೆ ಇಟ್ಟಿದ್ದು ‘ಇಟ್ಟು, ಕೂತು, ಹಚ್ಚಿ’ ಮಾದರಿಯ ಮೇಲೆ. ಚೀಲ ಕೆಳಗಿಟ್ಟು, ಮೊಣಕಾಲೂರಿ ಕೂತು, ಟಾರ್ಚು ಹಚ್ಚಿ, ಬಾಯಲ್ಲಿ ಕಚ್ಚಿ, ತಂತಿ ತೆಗೆದು ಒಳಗೆ ತೂರಿಸಿದಳು. ಒಂದು ‘ಳು’, ಆರು ಕೆಲಸ. ಎಂಥ ಉಳಿತಾಯ! ಆದರೆ ಓದಿ ನೋಡಿ. ಔಷಧಿ ಬಾಟಲಿಯ ಜೊತೆ ಬರುವ ಬಳಸುವ ವಿಧಾನದ ಚೀಟಿ. ಎಲ್ಲ ಕೆಲಸಕ್ಕೂ ಒಂದೇ ತೂಕ. ಚೀಲ ಇಡುವುದೂ ಒಂದೇ, ಬೇರೆಯವರ ಬೀಗಕ್ಕೆ ತಂತಿ ತೂರಿಸುವುದೂ ಒಂದೇ. ಭಯಕ್ಕೆ ನಿಲ್ಲಲು ಜಾಗವೇ ಇಲ್ಲ.

ಹತಾಶೆಯಲ್ಲಿ “ಇಟ್ಟಳು ಚೀಲವನ್ನು!” ಅಂತ ತಿರುಗಿಸಿಯೂ ಬರೆದೆ. ಬೆಳಿಗ್ಗೆ ಎದ್ದು ಆ ಹಾಳೆಯನ್ನು ಯಾರಿಗೂ ಕಾಣದ ಹಾಗೆ ಹರಿದೆ.

ದಾರಿ ಸಿಕ್ಕಿದ್ದು ಒಂದು ಪೆದ್ದು ಪ್ರಶ್ನೆಯಿಂದ. ಇವಳು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾಳೆ. ಚೀಲ ಕೆಳಗಿಡುವುದನ್ನು ಅವಳು ಗಮನಿಸುತ್ತಾಳಾ? ಇಲ್ಲ. ಕೈ ಅದರ ಪಾಡಿಗೆ ಮಾಡುತ್ತದೆ. ಅವಳ ಗಮನ ಎಲ್ಲ ಬೀಗದೊಳಗೆ, ಬೆರಳ ತುದಿಯಲ್ಲಿ, ಕಿವಿಯಲ್ಲಿ. ನಾನು ಮಾತ್ರ ಬಾಗಿಲಾಚೆ ನಿಂತು ಅವಳ ಕೈಕಾಲು ಲೆಕ್ಕ ಇಡುತ್ತಿದ್ದೆ. ವರದಿ ಅಂತ ಅವನು ಅಂದದ್ದು ಸರಿಯಾಗೇ ಇತ್ತು, ಹಾಳಾದವನು. ಅವಳು ಗಮನಿಸದೇ ಇರುವುದನ್ನೆಲ್ಲ ಹೊಡೆದು ಹಾಕಿದೆ. 14 ವಾಕ್ಯ ಹೋದವು. ಉಳಿದದ್ದು ಹೀಗಾಯಿತು:

“ಟಾರ್ಚು ಬಾಯಲ್ಲಿ. ತಂತಿ ಒಳಗೆ. ಮೊದಲ ಪಿನ್ನು ಎದ್ದಿತು. ಆಮೇಲೆ ನಾಲ್ಕನೆಯದು. ಮೂರನೆಯದು ಮಾತ್ರ ಇಲ್ಲ. ಮತ್ತೆ ಒತ್ತಿದಳು. ಒಳಗೆ ಯಾರೋ ಕೆಮ್ಮಿದ ಸದ್ದು. ಮನೆ ಖಾಲಿ ಅಂದಿದ್ದನಲ್ಲ ಫೋನಿನಲ್ಲಿ?”

ಒಂದೇ ಒಂದು ‘ಳು’. ಅದು ಇರುವ ಜಾಗದಲ್ಲೇ ಅವಳು ಮೊದಲ ಸಲ ತಾನಾಗಿ ಒಂದು ನಿರ್ಧಾರ ಮಾಡುತ್ತಾಳೆ. ಇದು ನಾನು ಯೋಚಿಸಿ ಮಾಡಿದ್ದಲ್ಲ. ಬರೆದು ಮುಗಿಸಿ ಎಣಿಸುವಾಗ ಕಂಡಿದ್ದು. ಆಮೇಲೆ ಯೋಚಿಸಿಯೇ ಮಾಡಿದೆ ಅಂತ ಗೆಳೆಯನಿಗೆ ಹೇಳಿದೆ.

ಮಾರನೇ ದಿನ ಓದಿದಾಗ ಪೂರ್ತಿ ಕಸ ಅನಿಸಿತು. ಮೂರನೇ ದಿನ ಪರವಾಗಿಲ್ಲ ಅನಿಸಿತು. ಮತ್ತೆ ರೆಕಾರ್ಡ್ ಮಾಡಿ ಕೇಳಿದೆ. “ಫೋನಿನಲ್ಲಿ” ಅನ್ನುವಲ್ಲಿ ನನ್ನ ದನಿಯೇ ಸ್ವಲ್ಪ ಇಳಿದಿತ್ತು, ಇಳಿಸಬೇಕು ಅಂತ ಇಳಿಸಿದ್ದಲ್ಲ. ಅಂದು ಸಂಜೆ ನಾಲ್ಕನೇ ದೃಶ್ಯ ಶುರು ಮಾಡಿದೆ. ಫಾಂಟು ಬದಲಿಸಲಿಲ್ಲ.

ಬೆಂಡೂರಾ ಅನ್ನುವ ಮನಶ್ಶಾಸ್ತ್ರಜ್ಞ 1977ರಲ್ಲೇ ಬರೆದಿದ್ದಾರೆ: ಒಂದು ಕೆಲಸ ನನ್ನ ಕೈಲಿ ಆಗುತ್ತದೆ ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ. ನಾವೇ ಮಾಡಿ ಗೆದ್ದದ್ದು, ಬೇರೆಯವರು ಮಾಡುವುದನ್ನು ನೋಡಿದ್ದು, ಬೇರೆಯವರ ಪ್ರೋತ್ಸಾಹದ ಮಾತು, ಮತ್ತೆ ನಮ್ಮ ಮೈಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಮಾತಿನಿಂದ ಬಂದದ್ದು ಬೇಗ ಕರಗುತ್ತದೆ. ಅಷ್ಟು ತಿಂಗಳು ಮನೆಯವರೂ ಗೆಳೆಯರೂ “ನೀನು ಚೆನ್ನಾಗಿ ಬರೀತೀಯ” ಅಂತ ಹೇಳಿ ಹೇಳಿ ಸುಸ್ತಾಗಿದ್ದರು. ಪಾಪ, ಅವರಿಗೆ ಈ ಪ್ಯಾರಾ ಕಳಿಸಬೇಕು. ತಪ್ಪು ಅವರದ್ದಲ್ಲ ಅಂತ.

ಈ ಗದ್ದಲದಲ್ಲಿ ಕಥೆ ನಂಬರ್ 8 ಹುಟ್ಟಿಬಿಟ್ಟಿದೆ. ಬಾಲಗಳನ್ನು ಎಣಿಸುತ್ತಾ ಕೂತಾಗ ಒಂದು ಹೊಳೆಯಿತು. ‘ಬಂದಳು, ಬಂದ, ಬಂದೆ’ ಎಲ್ಲ ಬೇರೆ ಬೇರೆ. ಆದರೆ ‘ಬರಲಿಲ್ಲ’? ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ, ಬಸ್ಸು ಬರಲಿಲ್ಲ. ಎಲ್ಲರಿಗೂ ಒಂದೇ. ಗಂಡಸೋ ಹೆಂಗಸೋ, ಒಬ್ಬರೋ ಹತ್ತು ಜನವೋ, ಗುರುತೇ ಇಲ್ಲ! ಹಾಗಾದರೆ ಒಂದು ಇಡೀ ಕಥೆಯನ್ನು, ಮಾಡದೇ ಹೋದ ಕೆಲಸಗಳಲ್ಲೇ ಹೇಳಿದರೆ? ಮದುವೆಗೆ ಹೋಗಲಿಲ್ಲ. ಕಾಗದ ಒಡೆಯಲಿಲ್ಲ. ಆ ರಾತ್ರಿ ಬಾಗಿಲು ತೆಗೆಯಲಿಲ್ಲ. ಇದೆಲ್ಲ ಯಾರು ಮಾಡಲಿಲ್ಲ ಅನ್ನುವುದು ಕೊನೆಯ ಸಾಲಿನವರೆಗೂ ಓದುಗರಿಗೆ ತಿಳಿಯುವುದಿಲ್ಲ. ಬೇರೆ ಭಾಷೆಯವರು ಇದನ್ನು ಹೇಗೆ ಅನುವಾದ ಮಾಡುತ್ತಾರೋ, ಅದು ಅವರ ಹಣೆಬರಹ. ನಿಮ್ಮಲ್ಲಿ ಯಾರಾದರೂ ಈಗಾಗಲೇ ಇದನ್ನು ಮಾಡಿದ್ದರೆ ದಯವಿಟ್ಟು ಹೇಳಬೇಡಿ.

ಮೊದಲು ಏಳನೆಯದು ಮುಗಿಯಬೇಕು. ನಾಲ್ಕನೇ ದೃಶ್ಯದಲ್ಲಿ ಇಬ್ಬರಿದ್ದಾರೆ, ಒಳಗಿದ್ದವನು ಮತ್ತು ಇವಳು. ಹಾಗಾಗಿ ‘ಳು’ ಕಾಟ ಇಲ್ಲ. ಅದರ ಬದಲು ಇಬ್ಬರೂ “ಅಂದ”, “ಅಂದಳು”, “ಅಂದ”, “ಅಂದಳು” ಅಂತ ಟೇಬಲ್ ಟೆನ್ನಿಸ್ ಆಡುತ್ತಿದ್ದಾರೆ. ಆರು ಸಲ ಎಣಿಸಿದ್ದೇನೆ. ಬಾಗಿಲು ತೆರೆದ ಮೇಲೆ ಅವನು ಮೊದಲು ಏನು ಕೇಳುತ್ತಾನೆ ಅನ್ನುವುದೂ ಇನ್ನೂ ಗೊತ್ತಾಗಿಲ್ಲ. ಎಂಟನೆಯದನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡಿದ್ದೆ. ನಿನ್ನೆ ರಾತ್ರಿ ಸುಮ್ನೆ ನೋಡೋಣ ಅಂತ ಅದರ ಮೊದಲ ಪುಟ ಬರೆದು, ರೆಕಾರ್ಡ್ ಮಾಡಿ ಗೆಳೆಯನಿಗೆ ಕಳಿಸಿದೆ.

ಬೆಳಿಗ್ಗೆ ಉತ್ತರ ಬಂದಿದೆ: “ಲಿಲ್ಲ ಲಿಲ್ಲ ಲಿಲ್ಲ. ಈ ಸಲ ಎಷ್ಟರ ಮಗ್ಗಿ?”