ಥಾಯ್ಲೆಂಡಿನ ಬಾಡಿಗೆ ರೂಮಿನಲ್ಲಿ ಯುಗಾದಿ: ಇಂಗ್ಲಿಷ್ ಮೇಷ್ಟ್ರಾಗಿ ಹೊರಟವರಿಗೆ

ಬೆಂಗಳೂರಿನಿಂದ ಅಮೆರಿಕಕ್ಕೋ ಕೆನಡಾಕ್ಕೋ ಹೋಗುವವರಿಗೆ ಅಲ್ಲಿ ಬೇವು ಸಿಗುವುದಿಲ್ಲ ಅಂತ ಮೊದಲೇ ಗೊತ್ತಿರುತ್ತದೆ. ಒಂದಿಷ್ಟು ಒಣಗಿದ ಬೇವಿನ ಹೂವಿನಲ್ಲೇ ಹಬ್ಬ ಮುಗಿಸುತ್ತಾರೆ. ಇಂಗ್ಲಿಷ್ ಪಾಠ ಹೇಳಲು ಥಾಯ್ಲೆಂಡಿಗೆ ಹೋಗುವವರ ಪಾಡು ಬೇರೆ. ಸುಮಾರು ನಾಲ್ಕು ಗಂಟೆಯ ವಿಮಾನ ಪ್ರಯಾಣ, ಇಳಿದ ಊರಿನಲ್ಲಿ ಮಾವು, ಬೇವು, ತೆಂಗು, ಬಾಳೆ, ವೀಳ್ಯದೆಲೆ ಎಲ್ಲವೂ ಸಂತೆಯಲ್ಲೇ ಸಿಗುತ್ತವೆ. ಹಬ್ಬ ಕೆಡುವುದೂ ಅಲ್ಲಿಂದಲೇ: ನೋಡಲು ನಮ್ಮದರಂತೆಯೇ ಇರುವ ಮಾವಿನಕಾಯಿ ಹುಳಿಯಿರುವುದಿಲ್ಲ, ಬೇವಿನ ಕಹಿ ಆಗಲೇ ಹೋಗಿರುತ್ತದೆ, ಬೆಲ್ಲದಂತೆ ಕಂಡದ್ದು ಹೂರಣವನ್ನು ನೀರು ಮಾಡುತ್ತದೆ.

ದಿನವೂ ಹಾಗೆಯೇ. ಥಾಯ್ಲೆಂಡಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಸೂರ್ಯೋದಯದ ಹೊತ್ತಿಗೆ ಚೈತ್ರ ಶುದ್ಧ ಪಾಡ್ಯ ಇರುವ ದಿನವೇ ಯುಗಾದಿ ಎಂಬುದು ಸಾಮಾನ್ಯ ಲೆಕ್ಕ. ಬ್ಯಾಂಕಾಕಿನಲ್ಲಿ ಏಪ್ರಿಲ್ ಮೊದಲ ವಾರ ಸೂರ್ಯ ಹುಟ್ಟುವಾಗ ಬೆಂಗಳೂರಿನಲ್ಲಿ ಇನ್ನೂ ನಾಲ್ಕೂ ಮುಕ್ಕಾಲು ಕೂಡ ಆಗಿರುವುದಿಲ್ಲ. 2027ರ ಪ್ಲವಂಗ ಸಂವತ್ಸರದ ಯುಗಾದಿಯನ್ನೇ ನೋಡಿ. ದೃಗ್ಗಣಿತದ ಪ್ರಕಾರ ಅಮಾವಾಸ್ಯೆ ಮುಗಿಯುವುದು ಏಪ್ರಿಲ್ 7ರ ಬೆಳಗ್ಗೆ, ಭಾರತದ ಸಮಯ 5:21ರ ಸುಮಾರಿಗೆ. ಬೆಂಗಳೂರಿನ ಸೂರ್ಯೋದಯ ಆರು ಗಂಟೆಯ ನಂತರ, ಹಾಗಾಗಿ ಇಲ್ಲಿ 7ಕ್ಕೇ ಹಬ್ಬ. ಬ್ಯಾಂಕಾಕಿನಲ್ಲಿ ಮಾತ್ರ 7ರಂದು ಸೂರ್ಯ ಹುಟ್ಟುವಾಗ ಇನ್ನೂ ಅಮಾವಾಸ್ಯೆ, ಆದ್ದರಿಂದ ಇಲ್ಲಿಯ ಲೆಕ್ಕ ಅಲ್ಲಿಗೆ ಹಾಗೆಯೇ ಹೊಂದುವುದಿಲ್ಲ. ಒಂಟಿಕೊಪ್ಪಲ್ ಪಂಚಾಂಗದ ಲೆಕ್ಕ ನಮ್ಮೂರ ಕಡೆಯ ಸೂರ್ಯೋದಯಕ್ಕೆ ಹಾಕಿದ್ದು. ಊರಿನವರು ಮಾಡಿದ ದಿನವೇ ಮಾಡುತ್ತೇವೆ ಎನ್ನುವವರಿಗೆ ಅದೇ ಸಾಕು; ಹೊರದೇಶದಲ್ಲಿ ಹಾಗೆ ಮಾಡುವವರೇ ಹೆಚ್ಚು, ಅದರಲ್ಲಿ ತಪ್ಪೇನಿಲ್ಲ. ಇರುವ ಊರಿನ ಲೆಕ್ಕವೇ ಬೇಕೆಂದರೆ ಪಂಚಾಂಗದ ಆಪ್‌ನಲ್ಲಿ ಊರು ಬದಲಾಯಿಸಿ ನೋಡಿ, ಬರೀ ಗಂಟೆ ಬದಲಾಯಿಸಿದರೆ ಪ್ರಯೋಜನವಿಲ್ಲ.

ಶಾಲೆಯ ವರ್ಷದಲ್ಲೂ ಯುಗಾದಿ ಬಂದು ಬೀಳುವುದು ಇಕ್ಕಟ್ಟಿನ ಜಾಗದಲ್ಲಿ. ಅಲ್ಲಿನ ಸರ್ಕಾರಿ ಶಾಲೆಗಳ ಮೊದಲ ಅವಧಿ ಮೇ ಮಧ್ಯದಲ್ಲಿ, ಎರಡನೆಯದು ನವೆಂಬರಿನಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಮಾರ್ಚ್ ಕೊನೆಗೆ ಮಕ್ಕಳು ಇರುವುದಿಲ್ಲ, ಆದರೆ ಅಂಕ ತುಂಬಿಸಲು ಮೇಷ್ಟ್ರುಗಳು ಬರಲೇಬೇಕು. ಏಜೆನ್ಸಿ ಮೂಲಕ ಸೇರಿದವರ ಕರಾರು ಹಲವು ಸಲ 10 ತಿಂಗಳದ್ದೇ ಆಗಿರುತ್ತದೆ. ಅಂದರೆ ಹಬ್ಬದ ಹೊತ್ತಿಗೆ ಸಂಬಳವೂ ನಿಂತಿರುತ್ತದೆ, ಕೆಲಸಕ್ಕೆ ಅಂಟಿಕೊಂಡ ವೀಸಾದ ಅವಧಿಯೂ ಮುಗಿಯುತ್ತಿರುತ್ತದೆ. ಸಹಿ ಹಾಕುವ ಮೊದಲೇ 10 ತಿಂಗಳೋ 12 ತಿಂಗಳೋ ಕೇಳಿಕೊಳ್ಳಿ. ಹಬ್ಬಕ್ಕೆ ಬೆಂಗಳೂರಿಗೇ ಬಂದು ಹೋಗುವ ಯೋಚನೆಯಿದ್ದರೆ ಇಮಿಗ್ರೇಷನ್ ಕಚೇರಿಯಲ್ಲಿ ರೀ-ಎಂಟ್ರಿ ಪರ್ಮಿಟ್ ಮಾಡಿಸದೆ ವಿಮಾನ ಹತ್ತಬೇಡಿ. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800 ಬಾತ್. ಅದಿಲ್ಲದೆ ದೇಶ ದಾಟಿದರೆ ವರ್ಷದ ವಾಸ್ತವ್ಯದ ಅನುಮತಿ ಅಲ್ಲಿಗೇ ರದ್ದು, ವೀಸಾದ ಓಡಾಟ ಮತ್ತೆ ಮೊದಲಿನಿಂದ.

ಇನ್ನು ಬೇವು. ಥಾಯ್ ಜನ ಬೇವನ್ನು ತರಕಾರಿಯಂತೆ ತಿನ್ನುತ್ತಾರೆ. ಸದಾವ್ ಎಂಬ ಹೆಸರಿನಲ್ಲಿ ಚಿಗುರು ಮತ್ತು ಮೊಗ್ಗಿನ ಕಟ್ಟುಗಳು ಸಂತೆಗೆ ಬರುತ್ತವೆ. ಅದು ನಮ್ಮ ಬೇವಿನದೇ ಒಂದು ಬಗೆ, ಎಲೆ ತುಸು ದೊಡ್ಡದು, ದಪ್ಪ. ಎರಡು ತೊಂದರೆಗಳಿವೆ. ಅದರ ಕಾಲ ಚಳಿಗಾಲ. ಯುಗಾದಿ ಏಪ್ರಿಲ್‌ಗೆ ಜಾರಿದ ವರ್ಷ ಸಂತೆಯಲ್ಲಿ ಸಿಗುವುದು ಕಷ್ಟ. ಎರಡನೆಯದು, ಮಾರುವವರು ಕಹಿ ಇಳಿಯಲೆಂದು ಅದನ್ನು ಬಿಸಿನೀರಿನಲ್ಲಿ ಅದ್ದಿಯೇ ತಂದಿರುತ್ತಾರೆ. ಹಸಿರು ಮಂಕಾಗಿ ಎಲೆ ಸೋತು ಜೋಲುತ್ತಿದ್ದರೆ ಅದು ಬೆಂದದ್ದು, ಬೇವು-ಬೆಲ್ಲಕ್ಕೆ ಬೇಡ. ಹಸಿಯದೇ ಸಿಕ್ಕರೆ ಫೆಬ್ರವರಿಯಲ್ಲೇ ಹೂವು ಬಿಡಿಸಿ ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ.

ರಸ್ತೆ ಬದಿಯ ಮರದಿಂದ ಕಿತ್ತುಕೊಳ್ಳುವವರು ಸ್ವಲ್ಪ ನಿಧಾನಿಸಬೇಕು. ಅಲ್ಲಿ ಲಿಯನ್ ಎಂದು ಕರೆಯುವ ಹುಚ್ಚುಬೇವಿನ ಮರವೂ ಉಂಟು, ಅದರ ಕಾಯಿ ವಿಷ. ಕಡ್ಡಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬೇವಿನಲ್ಲಿ ಒಂದೇ ನಡುಕಡ್ಡಿ, ಅದರ ಎರಡೂ ಬದಿಗೆ ಎಲೆ. ಹುಚ್ಚುಬೇವಿನಲ್ಲಿ ನಡುಕಡ್ಡಿ ಮತ್ತೆ ಕವಲೊಡೆದು, ಆ ಕವಲುಗಳಲ್ಲಿ ಎಲೆ. ಹೂವು ನೇರಳೆ ಬಣ್ಣಕ್ಕೆ ತಿರುಗಿದ್ದರಂತೂ ಮುಟ್ಟಲೇಬೇಡಿ, ಬೇವಿನ ಹೂವು ಬಿಳಿ. ಮರಕ್ಕೆ ಬಣ್ಣದ ಬಟ್ಟೆ ಸುತ್ತಿದ್ದರೆ ಅದರಲ್ಲಿ ದೈವವಿದೆ ಎಂದು ಅಲ್ಲಿಯವರ ನಂಬಿಕೆ. ಅಂಥ ಮರದಿಂದ ಬೇವಾಗಲಿ ತೋರಣಕ್ಕೆ ಮಾವಿನೆಲೆಯಾಗಲಿ ಕೀಳಬಾರದು. ಶಾಲೆಯ ಆವರಣದಲ್ಲಿ ಮಾವಿನ ಮರ ಇದ್ದರೆ ತೋಟ ನೋಡಿಕೊಳ್ಳುವ ಹಿರಿಯರನ್ನು ‘ಲುಂಗ್’, ಅಂದರೆ ದೊಡ್ಡಪ್ಪ ಎಂದು ಕರೆದು ಕೇಳಿ, ಅವರೇ ಕೊಯ್ದು ಕೊಡುತ್ತಾರೆ. ಗಾಂಧಿಬಜಾರಿನಿಂದ ಹಸಿ ಬೇವು, ಮಾವಿನೆಲೆ ಕಟ್ಟಿಸಿಕೊಂಡು ಹೋಗುವ ಆಸೆ ಬಿಡಿ. ಹಸಿ ಸೊಪ್ಪು, ಹಣ್ಣು, ಬೀಜಗಳಿಗೆ ಸಸ್ಯ ತಪಾಸಣೆಯ ನಿರ್ಬಂಧ ಇದೆ.

ಮಾವಿನಕಾಯಿ ಚಿತ್ರಾನ್ನ ಮಾಡುವವರು ಹೆಚ್ಚಾಗಿ ಮೋಸಹೋಗುವುದು ಖಿಯಾವ್ ಸವೋಯ್ ಎಂಬ ತಳಿಯಿಂದ. ಉದ್ದಕ್ಕೆ, ಗಾಢ ಹಸಿರು, ಗಟ್ಟಿ, ತುರಿದರೆ ಗರಿಗರಿ. ಆದರೆ ಅದು ಕಾಯಾಗಿರುವಾಗಲೇ ಸಿಹಿ, ಹಸಿಯಾಗಿ ತಿನ್ನಲೆಂದೇ ಬೆಳೆಸುವುದು. ಮಾರುವವರ ಬಳಿ ‘ಮಮುವಾಂಗ್ ಪ್ರಿಯಾವ್’ ಎಂದು ಕೇಳಿ, ಹುಳಿ ಮಾವು ಕೊಡುತ್ತಾರೆ. ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿಯೇ ಕೊಳ್ಳಿ. ಅಕ್ಕಿಯ ವಿಷಯವೂ ಇಷ್ಟೇ ಮುಖ್ಯ. ಹೋಮ್ ಮಲಿ ಘಮಘಮಿಸುತ್ತದೆ, ಚಿತ್ರಾನ್ನಕ್ಕೆ ಮಾತ್ರ ಮುದ್ದೆಯಾಗುತ್ತದೆ. ಸಾವ್ ಹಾಯ್ ಎಂಬ ಅಕ್ಕಿ ಉದುರುದುರಾಗಿ ಬೇಯುತ್ತದೆ, ಅದನ್ನು ಹುಡುಕಿ. ಸಿಗದಿದ್ದರೆ ಹೋಮ್ ಮಲಿಯನ್ನೇ ಅಕ್ಕಿಯಷ್ಟೇ ನೀರಿಟ್ಟು ಬೇಯಿಸಿ, ತಟ್ಟೆಗೆ ಹರಡಿ ಪೂರ್ತಿ ಆರಿದ ಮೇಲೆ ಕಲಸಿ. ಸಾರಿಗೆ ಹುಣಸೆ ಕೊಳ್ಳುವಾಗಲೂ ಎಚ್ಚರ: ಪೆಟ್ಟಿಗೆಯಲ್ಲಿ ಅಂದವಾಗಿ ಜೋಡಿಸಿಟ್ಟದ್ದು ಸಿಹಿ ಹುಣಸೆ. ನಮಗೆ ಬೇಕಾದದ್ದು ಮುದ್ದೆ ಮಾಡಿ ಮಾರುವ ಮಖಾಮ್ ಪಿಯಕ್.

ಒಬ್ಬಟ್ಟು ಇಲ್ಲದೆ ಯುಗಾದಿ ಆಗುವುದಿಲ್ಲ. ಇಡೀ ಹಬ್ಬದಲ್ಲಿ ಹೆಚ್ಚು ತಲೆ ಖರ್ಚಾಗುವುದೂ ಇದಕ್ಕೇ. ಹದಿನೈದು–ಹದಿನಾರು ಒಬ್ಬಟ್ಟಿಗೆ ತೊಗರಿಬೇಳೆ 250 ಗ್ರಾಂ, ಬೆಲ್ಲ 250 ಗ್ರಾಂ, ನಾಲ್ಕು ಏಲಕ್ಕಿ. ಕಣಕಕ್ಕೆ ಮೈದಾ 200 ಗ್ರಾಂ, ಚಿರೋಟಿ ರವೆ 50 ಗ್ರಾಂ, ಚಿಟಿಕೆ ಅರಿಶಿನ, ಎಣ್ಣೆ 60 ಮಿಲಿ, ನೀರು ಸುಮಾರು 130 ಮಿಲಿ. ಇದರಲ್ಲಿ ತೊಗರಿಬೇಳೆ, ಚಿರೋಟಿ ರವೆ, ಬೆಲ್ಲ ಊರಿಂದಲೇ ಹೋಗಲಿ. ಬ್ಯಾಂಕಾಕಿನಲ್ಲಿದ್ದರೆ ಪಾಹುರತ್‌ನ ಭಾರತೀಯ ಅಂಗಡಿಗಳಲ್ಲಿ ಬೇಳೆ, ಬೆಲ್ಲ, ಕರಿಬೇವು ಸಿಗುತ್ತದೆ. ಕೆಲಸ ಸಿಗುವುದು ಮಾತ್ರ ಹೆಚ್ಚಾಗಿ ಸಣ್ಣ ಊರುಗಳಲ್ಲಿ, ಅಲ್ಲಿ ಇವು ಕಣ್ಣಿಗೂ ಬೀಳುವುದಿಲ್ಲ.

ಬೆಲ್ಲ ಮುಗಿದು ಅಲ್ಲಿನ ತೆಂಗಿನ ಅಥವಾ ತಾಳೆಯ ಸಕ್ಕರೆ ಬಳಸಬೇಕಾಗಿ ಬಂದರೆ ಡಬ್ಬಿಯಲ್ಲಿ ತುಂಬಿದ ಮೆತ್ತನೆಯದನ್ನು ಬಿಟ್ಟು ಬಿಲ್ಲೆಯಾಗಿ ಗಟ್ಟಿಯಾಗಿರುವುದನ್ನು ಕೊಳ್ಳಿ. ಮೆತ್ತನೆಯದರಲ್ಲಿ ತೇವ ಹೆಚ್ಚು, ಹೂರಣ ಎಷ್ಟು ಮಗುಚಿದರೂ ಗಟ್ಟಿಯಾಗುವುದಿಲ್ಲ. 250ರ ಬದಲು 200 ಗ್ರಾಂ ಸಾಕು. ಬೇಳೆಯನ್ನು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು, ಕರಗಿ ಹೋಗಬಾರದು. ಕಟ್ಟು ಪೂರ್ತಿ ಬಸಿದು, ಅದನ್ನು ಒಬ್ಬಟ್ಟಿನ ಸಾರಿಗಿಟ್ಟು, ಸಕ್ಕರೆ ಹಾಕಿ ಮಗುಚಿ, ಸೌಟು ನೆಟ್ಟಗೆ ನಿಲ್ಲುವವರೆಗೆ ಒಲೆಯಿಂದ ಇಳಿಸಬೇಡಿ. ಆದರೂ ಸಡಿಲವಾದರೆ ಹುರಿದ ಕಡಲೆಹಿಟ್ಟು ಎರಡು ಚಮಚ ಹಾಕಿದರೆ ಕೂಡಿಕೊಳ್ಳುತ್ತದೆ. ತೊಗರಿಬೇಳೆ ಇಲ್ಲದವರು ಎಲ್ಲ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುವ ಸಿಪ್ಪೆ ತೆಗೆದ ಹೆಸರುಬೇಳೆ ಬಳಸಬಹುದು. ಮೊದಲು ಒಣದಾಗಿ ಹುರಿದು, ಕುಕ್ಕರಿಗೆ ಹಾಕದೆ ತೆರೆದ ಪಾತ್ರೆಯಲ್ಲಿ ಬೇಯಿಸಿ; ಕುಕ್ಕರಿನಲ್ಲಿ ಐದು ನಿಮಿಷ ಹೆಚ್ಚಾದರೆ ಅಂಟಾಗುತ್ತದೆ. ಕಾಯಿಯ ಒಬ್ಬಟ್ಟು ಮಾಡುವವರಿಗೆ ಸಂತೆಯಲ್ಲೇ ಯಂತ್ರದಲ್ಲಿ ತುರಿದುಕೊಡುತ್ತಾರೆ. ಏಪ್ರಿಲ್ ಸೆಕೆಗೆ ಆ ತುರಿ ಮಧ್ಯಾಹ್ನಕ್ಕೆಲ್ಲ ಹಳಸುತ್ತದೆ, ತಂದ ತಕ್ಷಣ ಬಾಣಲೆಗೆ ಹಾಕಿ ನೀರಾರಿಸಿಬಿಡಿ.

ಮೈದಾ ಕೊಳ್ಳಲು ಹೋದರೆ ಅಕ್ಕಿ ಹಿಟ್ಟು, ಅಂಟಕ್ಕಿ ಹಿಟ್ಟು, ಮರಗೆಣಸಿನ ಹಿಟ್ಟು ಎಲ್ಲವೂ ಒಂದೇ ಥರದ ಬಿಳಿ ಪೊಟ್ಟಣದಲ್ಲಿ ಸಾಲಾಗಿ ಕೂತಿರುತ್ತವೆ. ಫೋನಿನ ಕ್ಯಾಮೆರಾದಲ್ಲಿ ಥಾಯ್ ಅಕ್ಷರ ಅನುವಾದಿಸಿ ನೋಡಿ, ಹಿಂದಿನ ಪಟ್ಟಿಯಲ್ಲಿ 100 ಗ್ರಾಂಗೆ 9ರಿಂದ 11 ಗ್ರಾಂ ಪ್ರೋಟೀನ್ ಇರುವ ಗೋಧಿ ಹಿಟ್ಟು ಆರಿಸಿ. ಬ್ರೆಡ್ಡಿನ ಹಿಟ್ಟಿನಲ್ಲಿ ಅದು 12ರ ಮೇಲಿರುತ್ತದೆ, ತಟ್ಟಿದ ಒಬ್ಬಟ್ಟು ಮತ್ತೆ ಒಳಕ್ಕೆ ಮುದುಡಿಕೊಳ್ಳುತ್ತದೆ. ಅದೊಂದೇ ಸಿಕ್ಕರೆ ಎಣ್ಣೆ ಹೆಚ್ಚಿಸಿ, ಕಣಕವನ್ನು ಎರಡು ಗಂಟೆಯ ಬದಲು ನಾಲ್ಕು ಗಂಟೆ ನೆನೆಯಲು ಬಿಡಿ. ಬಾಡಿಗೆ ರೂಮುಗಳಲ್ಲಿ ಅಡುಗೆಮನೆಯೇ ಇರುವುದಿಲ್ಲ, ಎಷ್ಟೋ ಕಡೆ ಗ್ಯಾಸ್‌ಗೆ ಅನುಮತಿಯೂ ಇಲ್ಲ. ಇಂಡಕ್ಷನ್ ಒಲೆಗೆ ಅಲ್ಯೂಮಿನಿಯಂ ಹೆಂಚು ಕಾಯುವುದಿಲ್ಲ, ಕಬ್ಬಿಣದ ಚಪ್ಪಟೆ ಕಾವಲಿ ಒಂದನ್ನು ಸೂಟ್‌ಕೇಸಿನ ತಳಕ್ಕೆ ಹಾಕಿಕೊಳ್ಳಿ. ತೂಕ ಹೆಚ್ಚೇ, ಆದರೂ ಬೇಕು.

ಬಾಳೆ ಎಲೆ ಹೇರಳ. ತಿಂಡಿ ಸುತ್ತಲೆಂದು ತುಂಡು ಮಾಡಿ ಮಡಚಿಟ್ಟಿರುತ್ತಾರೆ, ತುದಿ ಎಲೆ ಬೇಕಾದರೆ ಹಿಂದಿನ ದಿನವೇ ಹೇಳಿಡಿ. ವೀಳ್ಯದೆಲೆ ಬೈ ಪ್ಲೂ. ಅದರ ಪಕ್ಕದಲ್ಲೇ ಇರುವ, ಹೆಚ್ಚು ಮಿರುಗುವ ಬೈ ಚಪ್ಲೂ ಅದರ ದಾಯಾದಿ, ಮಿಯಾಂಗ್ ಖಾಮ್ ಎಂಬ ತಿಂಡಿಗೆ ಬಳಸುವುದು, ತಾಂಬೂಲಕ್ಕೆ ಸಲ್ಲದು. ತುಳಸಿಗೆ ಎಲ್ಲೂ ಅಲೆಯಬೇಕಿಲ್ಲ. ಅಲ್ಲಿ ಮಾಂಸದ ಜೊತೆ ಹುರಿಯುವ ಕಪ್ರಾವ್ ಸೊಪ್ಪು ನಮ್ಮ ತುಳಸಿಯೇ. ಹೊರಪಾ ಎಂಬುದು ಬೇರೆ, ಸೋಂಪಿನ ವಾಸನೆ ಬಂದರೆ ಅದೇ ಅಂತ ತಿಳಿಯಿರಿ. ಅಭ್ಯಂಜನಕ್ಕೆ ಎಳ್ಳೆಣ್ಣೆ ಕೊಳ್ಳುವಾಗ ಕಂದು ಬಣ್ಣದ್ದು ಬೇಡ, ಅದು ಹುರಿದ ಎಳ್ಳಿನದು, ಮೈಯೆಲ್ಲ ಅಡುಗೆಯ ವಾಸನೆ. ತಣ್ಣಗೆ ಹಿಂಡಿದ ತಿಳಿಯಾದ ಎಣ್ಣೆ ತನ್ನಿ. ಅಪಾರ್ಟ್‌ಮೆಂಟಿನಲ್ಲಿ ಹೊಗೆ ಪತ್ತೆ ಯಂತ್ರ ಇದ್ದರೆ ಊದುಬತ್ತಿ ಬಾಲ್ಕನಿಯಲ್ಲಿ. ಚಿಯಾಂಗ್ ಮಾಯ್ ಕಡೆ ಇದೇ ತಿಂಗಳುಗಳಲ್ಲಿ ಹೊಲ-ಕಾಡು ಸುಡುವ ಹೊಗೆಗೆ ಕಿಟಕಿ ತೆರೆಯುವ ಹಾಗೇ ಇರುವುದಿಲ್ಲ, ಅಲ್ಲಿ ಎಣ್ಣೆ ದೀಪ ಒಂದು ಸಾಕು.

ಶಾಲೆಗೆ ಒಬ್ಬಟ್ಟು ಒಯ್ಯುವವರು ಕೈ ಮುಗಿಯುವ ಕ್ರಮ ತಿಳಿದಿರಬೇಕು. ಅವರ ವಾಯ್ ನಮಸ್ಕಾರದಂತೆಯೇ ಕಂಡರೂ ಅದರಲ್ಲಿ ಹಿರಿ-ಕಿರಿಯ ಲೆಕ್ಕವಿದೆ. ಕಿರಿಯರು ಮೊದಲು ಮುಗಿಯುತ್ತಾರೆ. ಮುಖ್ಯೋಪಾಧ್ಯಾಯರಿಗೆ ನೀವೇ ಮೊದಲು ಮುಗಿಯಬೇಕು, ಮಕ್ಕಳಿಗೆ ಮೊದಲು ಮುಗಿಯಬಾರದು. ಹಬ್ಬದ ದಿನ ಅಂತ ಮಗುವಿನ ತಲೆ ಮೇಲೆ ಕೈಯಿಟ್ಟು ಹರಸುವುದು ಅಲ್ಲಿ ಒಪ್ಪಿಗೆಯಲ್ಲ. ಮೇಜಿನ ಮೇಲೆ ಗಣಪತಿಯ ಚಿತ್ರ ಇಟ್ಟರೆ ಯಾರಿಗೂ ವಿವರಿಸಬೇಕಿಲ್ಲ. ಅವರ ಲಲಿತಕಲಾ ಇಲಾಖೆಯ ಲಾಂಛನವೇ ಗಣೇಶ. ಜೂನ್ ಹೊತ್ತಿಗೆ, ಸಾಮಾನ್ಯವಾಗಿ ಗುರುವಾರ, ಶಾಲೆಗಳಲ್ಲಿ ವಾಯ್ ಖ್ರು ಎಂಬ ಗುರುವಂದನೆ ನಡೆಯುತ್ತದೆ. ಆಗ ಮಕ್ಕಳು ಗರಿಕೆ, ಕೇಪಳದ ಹೂವು ತಂದು ಮೇಷ್ಟ್ರಿಗೆ ಕೊಡುತ್ತಾರೆ. ಗರಿಕೆ ಎಲ್ಲಿ ಸಿಗುತ್ತದೆ ಅಂತ ಅಂದೇ ಕೇಳಿಟ್ಟುಕೊಂಡರೆ ಗೌರಿ-ಗಣೇಶಕ್ಕೆ ಆಗುತ್ತದೆ.

ಮಾರ್ಚ್‌ನಲ್ಲಿ ಇನ್ನೂ ತರಗತಿ ಇದ್ದರೆ ಯುಗಾದಿ 50 ನಿಮಿಷದ ಒಳ್ಳೆಯ ಪಾಠ. ಮಕ್ಕಳಿಗೆ ಸೊಂಗ್‌ಕ್ರಾನ್ ಗೊತ್ತು. ಏಪ್ರಿಲ್ 13ರಿಂದ 15ರವರೆಗಿನ ಆ ಹೊಸ ವರ್ಷ ಸೂರ್ಯನ ಲೆಕ್ಕದ್ದು, ನಮ್ಮದು ಚಂದ್ರನ ಲೆಕ್ಕದ್ದು. ಮೊದಲ ಹತ್ತು ನಿಮಿಷ ಅವರ ಹಬ್ಬದ ಬಗ್ಗೆ ಅವರೇ ಹೇಳಲಿ, ಆಮೇಲೆ ನಮ್ಮದನ್ನು ಐದೇ ವಾಕ್ಯದಲ್ಲಿ ಹೇಳಿ, ವರ್ತಮಾನ ಕಾಲದಲ್ಲೇ. ಥಾಯ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಹೋದ ವರ್ಷದ ಹಬ್ಬದ ಕಥೆ ಬರೆಯಿರಿ ಎಂದರೆ ಮಕ್ಕಳು ತಡವರಿಸುತ್ತಾರೆ. ಉಚ್ಚಾರದಲ್ಲಿ ಎಚ್ಚರ ಬೇಕಾದದ್ದು ಮೇಷ್ಟ್ರಿಗೇ: ಇಂಗ್ಲಿಷಿನ ವೈನ್ ಎಂಬ ಎರಡು ಪದಗಳನ್ನು, ದ್ರಾಕ್ಷಿಯ ಬಳ್ಳಿ ಮತ್ತು ದ್ರಾಕ್ಷಾರಸ, ಕನ್ನಡಿಗರೂ ಒಂದೇ ‘ವ’ದಲ್ಲಿ ಹೇಳುತ್ತೇವೆ, ಥಾಯ್ ಮಕ್ಕಳೂ ಹಾಗೇ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ರೂಢಿಸಿಕೊಂಡು ಹೋಗಿ. ಆರು ರುಚಿಯ ಪಚ್ಚಡಿ ಅಂತ ಇಂಟರ್ನೆಟ್ಟಿನಲ್ಲಿ ಸಿಗುವುದು ತೆಲುಗರ ಕ್ರಮ, ನಮ್ಮದು ಬೇವು-ಬೆಲ್ಲ ಎರಡೇ. ತಿನ್ನಿಸಲು ಬಲವಂತ ಬೇಡ. ಕಹಿ-ಸಿಹಿ ಕೂಡಿಸಿ ತಿನ್ನುವುದು ಅವರಿಗೂ ಹೊಸದಲ್ಲ, ಸದಾವ್‌ಗೆ ನಾಮ್ ಪ್ಲಾ ವಾನ್ ಎಂಬ ಸಿಹಿ ಗೊಜ್ಜು ನಂಚಿಕೊಳ್ಳುತ್ತಾರೆ. ಸಹೋದ್ಯೋಗಿಗಳು ಪ್ರೀತಿಯಿಂದ ಅದನ್ನು ತಂದುಕೊಟ್ಟರೆ ಸಸ್ಯಾಹಾರಿಗಳು ನೆನಪಿಡಿ, ಅದರಲ್ಲಿ ಮೀನಿನ ರಸ ಇರುತ್ತದೆ. ಹೊರಗೆ ಊಟ ಮಾಡುವಾಗ ‘ಜೇ’ ಎಂದು ಹೇಳಿದರೆ ಮಾಂಸ, ಮೀನು, ಮೊಟ್ಟೆಯ ಜೊತೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ.

ಮರುದಿನದ ಹೊಸತೊಡಕಿಗೆ ಸಸ್ಯಾಹಾರಿಗಳ ಚಿಂತೆಯಿಲ್ಲ, ಬಾಡೂಟದವರು ಮಾತ್ರ ಮೊದಲೇ ಯೋಚಿಸಬೇಕು. ಸಾಮಾನ್ಯ ಸಂತೆಯಲ್ಲಿ ಹಂದಿ, ಕೋಳಿಯೇ ಹೆಚ್ಚು. ಮೇಕೆ ಮಾಂಸ ಮುಸ್ಲಿಮರ ಮೊಹಲ್ಲಾಗಳ ಅಂಗಡಿಯಲ್ಲಿ, ಅದೂ ಹಿಂದಿನ ದಿನ ಹೇಳಿಟ್ಟರೆ. ಅಮಾವಾಸ್ಯೆ ಅಲ್ಲಿನ ಬೌದ್ಧರಿಗೆ ವಾನ್ ಪ್ರ ಎಂಬ ಪವಿತ್ರ ದಿನ, ಅಂದು ಎಷ್ಟೋ ಕಡೆ ಮಾಂಸದ ಕಟ್ಟೆಗಳು ಖಾಲಿ. ಅವರ ಅಮಾವಾಸ್ಯೆ ನಮ್ಮದಕ್ಕಿಂತ ಒಂದು ದಿನ ಹಿಂದೆ ಮುಂದೆ ಆಗುವುದೂ ಉಂಟು, ಹಾಗಾಗಿ ಗೋಡೆಯ ಥಾಯ್ ಕ್ಯಾಲೆಂಡರಿನಲ್ಲಿ ಬುದ್ಧನ ಪುಟ್ಟ ಚಿತ್ರ ಇರುವ ದಿನ ಯಾವುದೆಂದು ನೋಡಿಕೊಂಡೇ ಆರ್ಡರ್ ಕೊಡಿ. ಬ್ಯಾಡಗಿ ಮೆಣಸಿನಕಾಯಿ 200 ಗ್ರಾಂ ಊರಿಂದ ತಂದಿದ್ದರೆ ಒಳ್ಳೆಯದು. ಅಲ್ಲಿನ ಸಣ್ಣ ಒಣಮೆಣಸಿನಕಾಯಿಯನ್ನು ಅದೇ ಲೆಕ್ಕದಲ್ಲಿ ರುಬ್ಬಿದರೆ ಸಾರನ್ನು ಬಾಯಿಗಿಡಲಾಗುವುದಿಲ್ಲ.