ಶಿಡ್ಲಘಟ್ಟದಲ್ಲೇ ಮುಗಿಸಿಕೊಂಡು ಬರಬೇಕಾಗಿದ್ದ ಕೆಲಸ

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿಗೆ ಮೊದಲು ಎರಡು ಇನಿಷಿಯಲ್‌ಗಳಿವೆ. ಇಂಜಿನಿಯರಿಂಗ್ ಪದವಿಪತ್ರದಲ್ಲಿ ಅವು ಹೆಸರಿನ ಕೊನೆಗೆ ಹೋಗಿವೆ. ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿಕೊಂಡು ಊರಿನ ಹೆಸರೂ ತಂದೆಯ ಹೆಸರೂ ಆಗಿ ನಿಂತಿವೆ. ಶಿಡ್ಲಘಟ್ಟದಲ್ಲಿ ಇದು ಯಾರಿಗೂ ವಿಚಿತ್ರವೆನಿಸುವುದಿಲ್ಲ. ನಮ್ಮ ಬೀದಿಯ ಅರ್ಧ ಜನರ ದಾಖಲೆಗಳು ಹೀಗೆಯೇ ಇವೆ. ಆದರೆ ಜರ್ಮನಿಗೆ ಬಂದು, ಸ್ಟುಟ್‌ಗಾರ್ಟ್ ಸಮೀಪದ ಒಂದು ಕಾರ್ಖಾನೆಗೆ ಮೊದಲ ಅರ್ಜಿ ಹಾಕಿದಾಗ, ಈ ಮೂರೂ ಪತ್ರಗಳು ಒಬ್ಬರದೇ ಹೌದೇ ಎಂದು ಅವರು ವಿನಯದಿಂದಲೇ ಕೇಳಿದರು. ಅಪ್ಪ ಚಿಕ್ಕಬಳ್ಳಾಪುರಕ್ಕೆ ಹೋಗಿ, ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಅದನ್ನು ಸ್ಕ್ಯಾನ್ ಮಾಡಿ ಕಳುಹಿಸುವಷ್ಟರಲ್ಲಿ ಮೂರು ವಾರ ಕಳೆದಿತ್ತು, ಆ ಹುದ್ದೆಯೂ ತುಂಬಿತ್ತು.

ಊರಿನಿಂದ ಕರೆ ಮಾಡಿ ಕೇಳುವ ತಂಗಿಯಂದಿರಿಗೂ ತಮ್ಮಂದಿರಿಗೂ ನಾನು ಮೊದಲು ಈ ಸಂಗತಿಯನ್ನೇ ಹೇಳುತ್ತೇನೆ. ಇಲ್ಲಿನ ಉದ್ಯೋಗ ಹುಡುಕಾಟದ ದೊಡ್ಡ ಪಾಲು ವಿಮಾನ ಹತ್ತುವ ಮೊದಲೇ ನಡೆಯಬೇಕಾದ ಕೆಲಸ.

ನಾನು ಬಂದದ್ದು ಚಾನ್ಸೆನ್‌ಕಾರ್ಟೆ, ಅಂದರೆ ಅವಕಾಶದ ಕಾರ್ಡ್ ಎಂಬ ಪರವಾನಗಿಯಲ್ಲಿ. ಜರ್ಮನಿ ಇದನ್ನು 2024ರ ಜೂನ್ 1ರಿಂದ ಜಾರಿಗೆ ತಂದಿದೆ. ಕೈಯಲ್ಲಿ ಕೆಲಸವಿಲ್ಲದವರೂ ಒಂದು ವರ್ಷದವರೆಗೆ ಇಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ಅರೆಕಾಲಿಕವಾಗಿ ದುಡಿಯಬಹುದು, ಒಂದು ಸಂಸ್ಥೆಯಲ್ಲಿ ಎರಡು ವಾರಗಳ ಮಟ್ಟಿಗೆ ಪ್ರಾಯೋಗಿಕವಾಗಿ ಕೆಲಸ ಮಾಡಿಯೂ ನೋಡಬಹುದು. ಪದವಿಗೆ ಇಲ್ಲಿ ಪೂರ್ಣ ಮಾನ್ಯತೆ ಸಿಗದವರು ವಿದ್ಯಾರ್ಹತೆ, ಅನುಭವ, ಭಾಷೆ, ವಯಸ್ಸು ಮುಂತಾದವುಗಳಿಂದ ಕನಿಷ್ಠ 6 ಅಂಕ ಕೂಡಿಸಬೇಕು. ಭಾಷೆಯ ಕನಿಷ್ಠ ಅರ್ಹತೆ ಜರ್ಮನ್‌ನಲ್ಲಿ ಎ1 ಅಥವಾ ಇಂಗ್ಲಿಷ್‌ನಲ್ಲಿ ಬಿ2. ಭಾಷಾಜ್ಞಾನದ ಹಂತಗಳಲ್ಲಿ ಎ1 ಮೊದಲನೆಯದು, ನಂತರ ಎ2, ಬಿ1, ಬಿ2 ಹೀಗೆ ಮೇಲಕ್ಕೆ ಹೋಗುತ್ತವೆ. ಕಾಗದದ ಮೇಲೆ ಎ1 ಸಾಕು. ಆದರೆ ಯಂತ್ರಗಳ ನಡುವೆ ಕೆಲಸ ಮಾಡುವವರು ಬಿ1 ಇಲ್ಲದೆ ಬಂದರೆ, ವರ್ಷದ ಮೊದಲರ್ಧ ಭಾಷೆ ಕಲಿಯುವುದರಲ್ಲೇ ಹೋಗುತ್ತದೆ. ಬೆಂಗಳೂರಿನ ಇಂದಿರಾನಗರದಲ್ಲಿ ಗಯಟೆ ಸಂಸ್ಥೆಯ ತರಗತಿಗಳಿವೆ. ನಾನು ಅಲ್ಲಿ ಎ2 ಮುಗಿಸಿ ಹೊರಟೆ, ಇನ್ನೊಂದು ಹಂತ ಮುಗಿಸಿ ಬರಬೇಕಿತ್ತು.

ಪದವಿಯ ಬೆಲೆಯನ್ನೂ ಹೊರಡುವ ಮೊದಲೇ ತಿಳಿದುಕೊಳ್ಳಬೇಕು. ಆನಾಬಿನ್ ಎಂಬ ಸರ್ಕಾರಿ ದತ್ತಸಂಚಯದಲ್ಲಿ ನಿಮ್ಮ ವಿಶ್ವವಿದ್ಯಾಲಯದ ಮುಂದೆ ಎಚ್ ಪ್ಲಸ್, ಅಂದರೆ ಮಾನ್ಯತೆ ಇದೆ ಎಂಬ ಗುರುತು ಇದೆಯೇ, ನಿಮ್ಮ ಪದವಿ ಅಲ್ಲಿನ ಪಟ್ಟಿಯಲ್ಲಿದೆಯೇ ಎಂದು ಮನೆಯಿಂದಲೇ ನೋಡಬಹುದು. ಇಲ್ಲಿ ಅಂಕಗಳ ಲೆಕ್ಕ ತಲೆಕೆಳಗು: 1 ಅತ್ಯುತ್ತಮ, 4 ಪಾಸಿನ ಅಂಚು. ಪಾಸಾಗಲು 40 ಬೇಕೆಂದಿಟ್ಟುಕೊಂಡು ಇಲ್ಲಿ ಬಳಕೆಯಲ್ಲಿರುವ ಬವೇರಿಯ ಸೂತ್ರದ ಪ್ರಕಾರ ಲೆಕ್ಕ ಹಾಕಿದರೆ, ನಮ್ಮಲ್ಲಿ ಡಿಸ್ಟಿಂಕ್ಷನ್ ಎಂದು ಮನೆಯವರೆಲ್ಲ ಸಂಭ್ರಮಿಸಿದ ಶೇಕಡಾ 70 ಇಲ್ಲಿ 2.5 ಆಗುತ್ತದೆ, ಅಂದರೆ ‘ಉತ್ತಮ’ ಎಂಬ ದರ್ಜೆಯ ಕೊನೆಯ ಮೆಟ್ಟಿಲು. ಇದನ್ನು ಮೊದಲೇ ತಿಳಿದವರಿಗೆ ಸಂದರ್ಶನದಲ್ಲಿ ಆ ಪ್ರಶ್ನೆ ಬಂದಾಗ ಮುಖ ಕಳೆಗುಂದುವುದಿಲ್ಲ.

ನಮ್ಮ ಬಯೋಡೇಟಾದಲ್ಲಿರುವ ತಂದೆಯ ಹೆಸರು, ವೈವಾಹಿಕ ಸ್ಥಿತಿ, ಕೊನೆಯಲ್ಲಿನ ದೃಢೀಕರಣದ ಸಾಲು ಇವಾವುವೂ ಇಲ್ಲಿ ಬೇಡ. ಎರಡು ಪುಟ, ಇತ್ತೀಚಿನ ಕೆಲಸ ಮೊದಲು, ತಿಂಗಳು ಮತ್ತು ವರ್ಷ ಸಹಿತ. ನಡುವೆ ಖಾಲಿ ಉಳಿದ ತಿಂಗಳುಗಳಿದ್ದರೆ ಅವುಗಳ ಕಾರಣವನ್ನು ಒಂದೇ ಸಾಲಿನಲ್ಲಿ ನೇರವಾಗಿ ಬರೆಯಬೇಕು. ಅಮ್ಮನ ಶಸ್ತ್ರಚಿಕಿತ್ಸೆಗಾಗಿ ನಾನು ಮನೆಯಲ್ಲಿದ್ದ ಐದು ತಿಂಗಳನ್ನು ಹಾಗೆಯೇ ಬರೆದೆ. ಯಾರೂ ಅದನ್ನು ಕೊರತೆಯೆಂದು ನೋಡಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅನುಭವ ಪತ್ರ. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ತಯಾರಿಕಾ ಘಟಕದಲ್ಲಿ ನಾಲ್ಕು ವರ್ಷ ಗುಣಮಟ್ಟ ತಪಾಸಣೆಯಲ್ಲಿ ದುಡಿದ ನನಗೆ ಸಿಕ್ಕಿದ್ದು, ಸೇರಿದ ದಿನಾಂಕ, ಬಿಟ್ಟ ದಿನಾಂಕ ಮತ್ತು ‘ನಡತೆ ಚೆನ್ನಾಗಿದೆ’ ಎಂಬ ಮಾತು ಮಾತ್ರ. ಜರ್ಮನಿಯಲ್ಲಿ ಉದ್ಯೋಗಿ ಕೇಳಿದರೆ ವಿವರವಾದ ಪತ್ರ ಕೊಡುವುದು ಕಾನೂನಿನ ಪ್ರಕಾರ ಮಾಲೀಕರ ಕರ್ತವ್ಯ, ಅದರ ಭಾಷೆಗೂ ಒಂದು ಒಳ ಅಳತೆಯಿದೆ. ‘ನಮಗೆ ಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು’ ಎಂದರೆ ಅದು ಸಾಧಾರಣ ದರ್ಜೆ. ಅದಕ್ಕೆ ‘ಸದಾ’ ಸೇರಿದರೆ ಮಾತ್ರ ಉತ್ತಮ. ಇಂಥ ಪತ್ರಗಳನ್ನು ಓದಿ ಅಭ್ಯಾಸವಾದವರಿಗೆ ನನ್ನ ಮೂರು ಸಾಲಿನ ಪತ್ರ ಏನನ್ನೂ ಹೇಳಲಿಲ್ಲ. ಹೊರಡುವ ಮುನ್ನ ನಿಮ್ಮ ಮೇಲಧಿಕಾರಿಯ ಬಳಿ ಕುಳಿತು, ಯಾವ ಯಂತ್ರ, ಯಾವ ಅಳತೆಯ ಉಪಕರಣ, ಎಷ್ಟು ಜನರ ತಂಡ, ಯಾವ ಹೊಣೆ ಎಂಬುದನ್ನೆಲ್ಲ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ. ಊರು ಬಿಟ್ಟ ಮೇಲೆ ಅದನ್ನು ಕೇಳುವುದೂ ಕಷ್ಟ, ಕೊಡಿಸುವವರೂ ಇರುವುದಿಲ್ಲ.

ಕೊನೆಗೂ ಬಂದ ಮೊದಲ ಸಂದರ್ಶನದಲ್ಲಿ ಅವರು ಕೇಳಿದ್ದು ಪುಸ್ತಕದ ಪ್ರಶ್ನೆಯಲ್ಲ, ನೀವು ಬಗೆಹರಿಸಿದ ಒಂದು ತೊಂದರೆಯನ್ನು ವಿವರಿಸಿ ಎಂದು. ನಮ್ಮ ಘಟಕದಲ್ಲಿ ಒಂದು ಸಿಎನ್‌ಸಿ ಲೇಥಿನಲ್ಲಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಕಡೆತದ ಯಂತ್ರದಲ್ಲಿ, ತುಂಡಿನ ಒಳರಂಧ್ರದ ಅಳತೆ ಆಗಾಗ ಕೆಲವು ಮೈಕ್ರಾನ್ ತಪ್ಪಿ, ರಿಜೆಕ್ಷನ್ ಹೆಚ್ಚುತ್ತಿತ್ತು. ನಾನು ಎರಡು ವಾರ ಪ್ರತಿ ಶಿಫ್ಟಿನ ಅಳತೆಗಳನ್ನು ಗಂಟೆಯ ಸಮೇತ ಬರೆದಿಟ್ಟು, ಊಟದ ಬಿಡುವಿನಲ್ಲಿ ಯಂತ್ರ ತಣ್ಣಗಾಗಿ ಮತ್ತೆ ಬಿಸಿಯೇರುವವರೆಗಿನ ಮೊದಲ ಕೆಲವು ತುಂಡುಗಳಲ್ಲೇ ತಪ್ಪು ಬರುತ್ತಿದೆಯೆಂದು ಕಂಡುಕೊಂಡಿದ್ದೆ. ಆದರೆ ಸಂದರ್ಶನದಲ್ಲಿ ‘ನಾವು ಗಮನಿಸಿದೆವು, ನಾವು ಸರಿಪಡಿಸಿದೆವು’ ಎಂದೇ ಹೇಳಿದೆ. ಯಾರು ಗಮನಿಸಿದ್ದು ಎಂದು ಅವರು ಮೂರು ಬಾರಿ ಕೇಳಿದರು. ಮೂರು ಬಾರಿಯೂ ನಾನು ‘ನಮ್ಮ ತಂಡ’ ಎಂದೆ. ತನ್ನನ್ನು ತಾನು ಮುಂದಿಟ್ಟುಕೊಳ್ಳಬಾರದೆಂಬ ಮನೆಯ ಪಾಠ ಅಷ್ಟು ಆಳದಲ್ಲಿತ್ತು. ಆ ಕೆಲಸ ನನಗೆ ಸಿಗಲಿಲ್ಲ.

ಆ ರಾತ್ರಿ ಅಪ್ಪನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಮೂವತ್ತು ವರ್ಷ ರೀಲರ್, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು ಆಗಿ ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡವರು. “ಅಳತೆ ತಪ್ಪಿದ್ದು ಮೊದಲು ಯಾರಿಗೆ ಕಂಡಿತಮ್ಮಾ?” ಎಂದು ಕೇಳಿದರು.

“ನನಗೇ ಅಪ್ಪ.”

“ಹಾಗಾದರೆ ಅದು ಜಂಬ ಹೇಗಾಗುತ್ತೆ? ಲಾಟಿನಲ್ಲಿರೋ ಗೂಡು ಯಾವ ಊರಿಂದು, ಯಾರು ಮೇಯಿಸಿದ್ದು ಅಂತ ಕೇಳಿದರೆ ರೈತ ಹೇಳಲ್ವಾ? ಹಾಗೇ ಹೇಳು.”

ಅಂದಿನಿಂದ ಪ್ರತಿ ಸಂದರ್ಶನಕ್ಕೂ ಮೊದಲು ಅಪ್ಪನಿಗೆ ಕನ್ನಡದಲ್ಲಿ ಹೇಳಿ ಅಭ್ಯಾಸ ಮಾಡಿದೆ: ತೊಂದರೆ ಏನಿತ್ತು, ನಾನು ಏನು ನೋಡಿದೆ, ಏನು ಮಾಡಿದೆ, ಎಷ್ಟು ಬದಲಾಯಿತು, ಉಳಿದವರು ಯಾವುದರಲ್ಲಿ ನೆರವಾದರು. ತಾಯಿನುಡಿಯಲ್ಲಿ ಒಮ್ಮೆ ಸರಿಯಾಗಿ ಕೂತ ಮಾತು ಜರ್ಮನ್‌ಗೆ ಸುಲಭವಾಗಿ ಹೋಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಲು, ಎಷ್ಟು ಸಂಬಳ ಬೇಕೆಂದು ಕೇಳಿದಾಗ ಕಡಿತಕ್ಕೆ ಮುಂಚಿನ ವಾರ್ಷಿಕ ಮೊತ್ತವನ್ನು ತಡವರಿಸದೆ ಹೇಳಲು ಸಹ ಹೀಗೆಯೇ ಕಲಿತೆ. ಆ ಮೊತ್ತದಲ್ಲಿ ಪಿಂಚಣಿಗೇ ನಮ್ಮ ಪಾಲು ಶೇಕಡಾ 9.3 ಹೋಗುತ್ತದೆ, ಆರೋಗ್ಯ ವಿಮೆ ಮತ್ತು ತೆರಿಗೆ ಬೇರೆ. ಕೈಗೆ ಬರುವುದನ್ನು ಲೆಕ್ಕ ಹಾಕಿಕೊಂಡೇ ಬಾಯಿ ತೆರೆಯಬೇಕು. ಒಂಬತ್ತನೆಯ ತಿಂಗಳಲ್ಲಿ ಕೆಲಸ ಸಿಕ್ಕಿತು, ಆರು ತಿಂಗಳ ಪರೀಕ್ಷಾವಧಿಯೂ ಈಗ ಮುಗಿದಿದೆ.

ನನ್ನ ತಂಗಿ ಇಂಜಿನಿಯರಿಂಗ್‌ನ ಕೊನೆಯ ಸೆಮಿಸ್ಟರ್‌ನಲ್ಲಿದ್ದಾಳೆ. ಕಳೆದ ಭಾನುವಾರ ವಿಡಿಯೊ ಕರೆಯಲ್ಲಿ ಅವಳ ದಾಖಲೆಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಓದಿದೆವು. ಪಿಯುಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ಬೇರೆಯಿತ್ತು. ತಿದ್ದುಪಡಿಗೆ ಸೋಮವಾರವೇ ಕಾಲೇಜಿಗೆ ಅರ್ಜಿ ಕೊಟ್ಟಿದ್ದಾಳೆ. ಅದು ಕೈಗೆ ಬಂದ ಮೇಲೆಯೇ ಪಾಸ್‌ಪೋರ್ಟಿಗೆ ಅರ್ಜಿ ಹಾಕುತ್ತಾಳೆ.