ಡೆಂಡ್ರಿಟಿಕ್ ಕೋಶ, ಏಳನೇ ಪ್ರತಿ: ಕೊನೆಗೂ ಮುರಿಯಲಿಲ್ಲ

ರೋಗಾಣುವನ್ನು ಹಿಡಿದು ದೇಹದ ಕಾವಲು ಪಡೆಗೆ ತೋರಿಸುವ ಡೆಂಡ್ರಿಟಿಕ್ ಕೋಶದ ಮಾದರಿಯನ್ನು 3ಡಿ ಪ್ರಿಂಟರಿನಲ್ಲಿ ಮುದ್ರಿಸುತ್ತಿದ್ದೇನೆ. ಆರನೆಯದೂ ಹೋಯಿತು. ಮುದ್ರಿಸುವಾಗ ಆಸರೆಗೆಂದು ಕೊಟ್ಟ ಸಪೋರ್ಟ್ ಬಿಡಿಸುವಾಗ ಒಂದು ಕೊಂಬೆ ಟಿಕ್ಕೆಂದಿತು. ಅದನ್ನು ಅಂಟಿಸುತ್ತಿರುವಾಗ ಮೊಣಕೈ ತಾಗಿ ಪಕ್ಕದ್ದು. ಮೈಕ್ರಾನಿಗೆ ಒಂದು ಸೆಂಟಿಮೀಟರಿನ ಅಳತೆಯಲ್ಲಿ ಕೋಶದ ಒಡಲು 12 ಸೆಂಟಿಮೀಟರ್, ಕೊಂಬೆಯ ತುದಿ ಬರೀ 2 ಮಿಲಿಮೀಟರ್. ನೆಟ್ಟಗೆ ಎದ್ದ ಕಡ್ಡಿ ಪದರಗಳ ನಡುವೆಯೇ ಕಡಿದುಕೊಳ್ಳುತ್ತದೆ, ಗೊತ್ತಿದ್ದದ್ದೇ. ಆದರೂ ಮೊದಲು ಬೈದದ್ದು ಫಿಲಮೆಂಟ್, ಅಂದರೆ ಕರಗಿಸಿ ಮುದ್ರಿಸುವ ಪ್ಲಾಸ್ಟಿಕ್ ಎಳೆ, ಕಳಿಸಿದವರನ್ನು. ‘ಗಾಳಿಯಾಡದ ಪೊಟ್ಟಣ’ದಿಂದ ಹೊರಬಂದ ಸುರುಳಿ ನಾಝಲ್‌ನಲ್ಲಿ ಚಟಪಟ ಎನ್ನುವಷ್ಟು ತೇವ ಕುಡಿದಿತ್ತು. ಆರು ಗಂಟೆ ಒಣಗಿಸಿದೆ. ಚಟಪಟ ನಿಂತಿತು, ಮುರಿಯುವುದು ನಿಲ್ಲಲಿಲ್ಲ.

ತಪ್ಪಿದ್ದದ್ದು ನಾನು ಬರೆದ ಆಕಾರದಲ್ಲಿ. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಕಂಡ ಈ ಕೋಶಕ್ಕೆ ಗ್ರೀಕಿನ ‘ಮರ’ ಎಂಬ ಪದದಿಂದ ಹೆಸರಿಟ್ಟರು. ಹೆಸರನ್ನೇ ನಂಬಿ ನಾನು ಮುಳ್ಳುಗಿಡ ಬಿಡಿಸಿದ್ದೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂರು ಆಯಾಮದ ಚಿತ್ರಗಳನ್ನು ತಿರುತಿರುಗಿಸಿ ನೋಡಿದಾಗ ಹೊಳೆಯಿತು: ಪಕ್ವ ಕೋಶದ ಎಷ್ಟೋ ‘ಕೊಂಬೆ’ಗಳು ತೆಳ್ಳನೆಯ ಹಾಳೆಗಳು, ಮೈಮೇಲೆ ಮಡಚಿಕೊಂಡ ಸೆರಗಿನಂಥವು. ಹಾಳೆಯನ್ನು ಅಡ್ಡ ಕೊಯ್ದು ನೋಡಿದರೆ ಅಂಚು ಕಡ್ಡಿಯಂತೆಯೇ ಕಾಣುತ್ತದೆ!

1.2 ಮಿಲಿಮೀಟರ್ ದಪ್ಪದ ಅಲೆಅಲೆಯಾದ ಗೋಡೆಗಳನ್ನು ಮುದ್ರಿಸಿದೆ. ಸಪೋರ್ಟ್ ಬೇಕಾಗಲಿಲ್ಲ, ಒಂದೂ ಮುರಿಯಲಿಲ್ಲ. ಕೋಶದ ಕಸುಬಿಗೂ ಇದೇ ಸರಿ. ನುಂಗಿದ ರೋಗಾಣುವಿನ ಚೂರುಗಳನ್ನು ಮೈಮೇಲೆ ಹರಡಿಕೊಂಡು, ದುಗ್ಧಗ್ರಂಥಿಯಲ್ಲಿ ಹಾದುಹೋಗುವ ಟಿ ಕೋಶಗಳಿಗೆ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಿಗೆ, ತೋರಿಸಬೇಕು. ಆ ಚೂರಿಗೆ ಹೊಂದುವ ಟಿ ಕೋಶ ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು. ಅಷ್ಟು ಜನರನ್ನು ಮಾತನಾಡಿಸಲು ಮೈ ಅಗಲವಿರಲೇಬೇಕು.

ಮುರಿದ ಕೊಂಬೆಗಳನ್ನು ಎಸೆದಿಲ್ಲ. ಚರ್ಮದಲ್ಲಿ ಕುಳಿತ ಲ್ಯಾಂಗರ್‌ಹಾನ್ಸ್ ಕೋಶಗಳಿಗೆ ನಿಜವಾದ ಕೊಂಬೆಗಳಿವೆ. 1868ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಅವನ್ನು ನರಕೋಶವೆಂದೇ ತಿಳಿದಿದ್ದರು, ನನ್ನ ಮುಳ್ಳುಗಿಡಕ್ಕೂ ಆ ಮಟ್ಟಿಗೆ ಮರ್ಯಾದೆ ಉಂಟು. ಅದು ಮುಂದಿನ ತಿಂಗಳ ಕೆಲಸ.

ಅದಕ್ಕೂ ಮೊದಲು 7 ಸೆಂಟಿಮೀಟರಿನ ಟಿ ಕೋಶ. ಅದನ್ನು ಹಿಡಿಯಲು ಎರಡು ಅಯಸ್ಕಾಂತ: ಒಂದು ಚೂರನ್ನು ಹೊತ್ತು ತೋರಿಸುವ ಎಂಎಚ್‌ಸಿ ಎಂಬ ಪ್ರೋಟೀನಿಗೆ, ಇನ್ನೊಂದು ‘ಅಪಾಯ ನಿಜ’ ಎಂದು ಸಾರುವ ಸಿಡಿ80 ಎಂಬ ಪ್ರೋಟೀನಿಗೆ. ಮೊದಲನೆಯದು ಮಾತ್ರ ಕಚ್ಚಿದರೆ ಟಿ ಕೋಶ ಕೆರಳುವ ಬದಲು ಮಂಕಾಗುತ್ತದೆ. ನಮ್ಮದೇ ದೇಹದ ಚೂರು ಕಂಡಾಗಲೆಲ್ಲ ಅದು ಕತ್ತಿ ಹಿರಿಯದಿರಲು ಇದೂ ಒಂದು ಕಾರಣ. ಹಾಗಾಗಿ ಎರಡನೇ ಅಯಸ್ಕಾಂತ ಒಳಗೆ ಅಡಗಿರಬೇಕು, ‘ಅಪಾಯ’ದ ಗುಂಡಿ ಒತ್ತಿದಾಗಷ್ಟೇ ಹೊರಬರಬೇಕು.

ನಿನ್ನೆ ಜೋಡಿಸಿ ಗುಂಡಿ ಒತ್ತಿದೆ. ಟಿ ಕೋಶ ಮೇಜಿನಿಂದ ಹಾರಿ ಬಿತ್ತು. ಧ್ರುವ ತಿರುಗುಮುರುಗಾಗಿದೆ, ಅಯಸ್ಕಾಂತ ಕಳಿಸಿದ ಪುಣ್ಯಾತ್ಮರು ಗುರುತೇ ಹಾಕಿಲ್ಲ, ಅಂಟೋ ಕಲ್ಲಾಗಿದೆ.